ನೆಟ್‌ವರ್ಕ್ ಕಾರ್ಡಿಗೆ ವಿಭೂತಿ

ಅನ್ನವನ್ನೂ ಅರಿವನ್ನೂ ಕೊಟ್ಟು, ಜೊತೆಗೆ ನಗುವುದಕ್ಕೆ ನೆಂಟರನ್ನೂ ಕೊಟ್ಟ ಪರಶಿವನಿಗೆ ಮೊದಲು ಕೈಮುಗಿಯುತ್ತೇನೆ. ಮೂರನೆಯ ವರ ನನಗೆ ಅಕ್ಕನ ಗಂಡನ ರೂಪದಲ್ಲಿ ಒದಗಿತು.

ದೀಕ್ಷೆ ಕೊಡದೆ ಯಾವ ಯಂತ್ರವನ್ನೂ ಮನೆಗೆ ಸೇರಿಸಿಕೊಳ್ಳದವರು ಭೂಮಂಡಲದಲ್ಲಿ ಅವರೊಬ್ಬರೇ ಎಂದು ನನ್ನ ನಂಬಿಕೆ. ಭದ್ರಾವತಿಯ ಅವರ ಮನೆಯಲ್ಲಿ ಮಿಕ್ಸಿಗೂ ವಿಭೂತಿ, ಇಸ್ತ್ರಿಪೆಟ್ಟಿಗೆಗೂ ವಿಭೂತಿ. ಇಸ್ತ್ರಿಯಾದ ಅಂಗಿಗಳು ಶಿವಭಕ್ತರಾಗಿಯೇ ಹೊರಬರುತ್ತಿದ್ದವು.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅಕ್ಕನ ದನಿ ಹೋಯಿತು. ಮಹಡಿಯಿಂದ ಇಳಿಯುವ ಶಕ್ತಿ ಇನ್ನೂ ಬಂದಿರಲಿಲ್ಲ. ಕೆಳಗೆ ಅಡುಗೆಗೆ ನಿಂತ ಭಾವನಿಗೆ ಗಂಟೆ ಬಾರಿಸಿ ತಿಳಿಸೋಣವೆಂದರೆ, ಕಾರ್ಖಾನೆಯ ಕುಲುಮೆಯ ಸದ್ದಿಗೆ ಅವರ ಕಿವಿ ಎಂದೋ ಮಂದವಾಗಿತ್ತು. ಅವಳಿಗೆ ನೀರು ಬೇಕಾದರೂ ಇವರಿಗೆ ತಿಳಿಯುವಂತಿರಲಿಲ್ಲ. ಆದ್ದರಿಂದ ಭಾವ ಎರಡು ಹಳೆಯ ಕಂಪ್ಯೂಟರ್ ತಂದು ತಂತಿ ಎಳೆದರು. ಅವಳು ಮೇಲೆ ಬರೆದದ್ದು ಕೆಳಗೆ ಮೂಡಬೇಕು.

ಆ ತಂತಿ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡನ್ನು ಮೇಲಿನದಕ್ಕೆ ಕಂಪ್ಯೂಟರ್ ಮಾರಿದ ಅಂಗಡಿಯವನೇ ಕೂಡಿಸಿದ್ದ. ಕೆಳಗಿನದಕ್ಕೆ ಭಾವ ತಾವೇ ಕೂಡಿಸಿದ ಕಾರ್ಡಿನ ಹಸಿರು ದೀಪ ಹೊತ್ತಲಿಲ್ಲ. ಬಸ್ಸು ಹತ್ತಿ ಶಿವಮೊಗ್ಗದ ಸವಳಂಗ ರಸ್ತೆಯ ಆ ಅಂಗಡಿಗೆ ಒಯ್ದರೆ ಹೊತ್ತಿತು. ಮನೆಗೆ ತಂದರೆ ಇಲ್ಲ. ಪುನಃ ಬಸ್ಸು, ಪುನಃ ಬೆಳಕು, ಪುನಃ ಕತ್ತಲೆ.

"ತುಂಗೆ ನೀರು ಕುಡ್ದಿದ್ದು ಭದ್ರೆಗೆ ಒಗ್ಗಲ್ಲ ಮಾರಾಯ," ಎಂದು ಭಾವ ತೀರ್ಪಿತ್ತರು.

ಮುಂದಿನ ಸಲ ನಾನೂ ಹೋದೆ. ಯಂತ್ರದೊಳಗೆ ಕಚ್ಚಿಕೊಳ್ಳುವ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಅಂಗಡಿಯವನು ರಬ್ಬರಿನಿಂದ ಉಜ್ಜುತ್ತ, "ಏನ್ ಸಾರ್, ಪ್ರತಿ ಸಲ ಬಿಳಿ ಪುಡಿ? ಮನೆ ಸುಣ್ಣ ಉದುರ್ತಿದ್ಯಾ?" ಎಂದ. ಭಾವ ಪ್ರಸನ್ನರಾಗಿ ತಲೆಯಾಡಿಸಿದರು. ಅವರಿಗೆ ಕೇಳಿಸಿರಲಿಲ್ಲ.

ಮನೆಯಲ್ಲಿ ಕಣ್ಣಾರೆ ಕಂಡೆ. ಭಾವ ಸ್ನಾನ ಮುಗಿಸಿ, ಒದ್ದೆ ಬೆರಳಿನಿಂದ ವಿಭೂತಿ ಗಟ್ಟಿಯನ್ನು ಉಜ್ಜಿ, ಆ ಹಲ್ಲುಗಳ ಮೇಲೆಯೇ ಮೂರು ಗೆರೆ ಎಳೆದರು. ಹಚ್ಚಬೇಡಿ ಎಂದು ಯಾವ ಬಾಯಿಂದ ಹೇಳಲಿ? ನನ್ನ ಹಣೆಯ ಮೇಲೂ ಅದೇ ಇತ್ತು.

ಕಿವಿಯ ಬಳಿ ಬಾಗಿ ಕೂಗಿದೆ: "ಭಾವ, ವಿಭೂತಿ ಹಣೆಗಲ್ವಾ ಹಚ್ಚೋದು? ನೀವು ಹಲ್ಲಿಗೆ ಹಚ್ತಿದೀರಿ."

ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೌದಲ್ಲ. ನೀನು ಶಾಸ್ತ್ರ ಓದಿದ್ದಕ್ಕೆ ಇಷ್ಟಾದ್ರೂ ಪ್ರಯೋಜನ ಆಯ್ತು."

ಹಲ್ಲುಗಳನ್ನು ಒರೆಸಿ ಕಾರ್ಡನ್ನು ಒಳಗಿಟ್ಟರು. ಮೂರು ಗೆರೆ ಕಂಪ್ಯೂಟರ್ ಪೆಟ್ಟಿಗೆಯ ಹಣೆಗೆ ಸಂದವು. ದೀಪ ಹೊತ್ತಿತು.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಕ್ಕನ ಮೊದಲ ಸಾಲು ಮೂಡಿತು: "ರೀ, ಕೂಗಿದ್ದು ಕೇಳಿಸ್ತಾ?"

ಭಾವನ ಕೈ ಕೀಲಿಮಣೆಗೆ ಹೋಗಲಿಲ್ಲ. ಎದ್ದು ಮೆಟ್ಟಿಲ ಬುಡಕ್ಕೆ ನಡೆದು, ಮುಖ ಮೇಲೆತ್ತಿ, "ಕೇಳಿಸ್ತು ಮಾರಾಯ್ತಿ, ಕೇಳಿಸ್ತು," ಎಂದರು.

ಅವರಿಬ್ಬರಿಗೂ, ಬೇಸರಿಸದೆ ಉಜ್ಜಿ ಕೊಟ್ಟ ಆ ಅಂಗಡಿಯವನಿಗೂ ಶಿವನು ಒಳ್ಳೆಯದನ್ನೇ ಮಾಡಲಿ.