ಮದಾಂ ಲೋರ್ಮಿಯೆ ಮೆಚ್ಚಿದ ಗಾಜು

ಮೋಡ ನೋಡಿದ್ದೇ ತಪ್ಪಾಯಿತು. ರಾಜರ ಕಾಲದ ಬೀಟೆ ಮರದ ಬೀರು, ಅದರ ಬಾಗಿಲಿಗೆ ಹೊಟ್ಟೆ ಉಬ್ಬಿದಂಥ ಬಾಗು ಗಾಜು. ರಿಪೇರಿಗೆ ಬಂದ ಆ ಬೀರುವಿನ ಗಾಜನ್ನು ಬಡಗಿ ಅಂಗಡಿಯ ಆಳು ಆನ್ಸೆಲ್ಮ್ ಅಂಗಳದಲ್ಲಿ ಒರೆಸಿ ಎತ್ತಿ ಹಿಡಿದಾಗ ಪ್ಯಾರಿಸ್ಸಿನ ಆಕಾಶವೆಲ್ಲ ಬಳುಕುತ್ತ ಅದರೊಳಗೆ ಇಳಿದು ಬಂತು. ಬಿಳಿ ಮೋಡವೊಂದು ಅಂಚಿನ ಕಡೆಗೆ ತೇಲಿತು. ಎಲ್ಲಿಗೆ ಹೋಗುತ್ತದೋ ನೋಡೋಣವೆಂದು ಅವನು ಕೈ ತುಸು ವಾಲಿಸಿದ. ಮೋಡವೂ ಹೋಯಿತು, ಗಾಜೂ ಹೋಯಿತು.

ಸದ್ದು ಕೇಳಿ ಅಂಗಳದಾಚೆಯಿಂದ ಚಿನ್ನದ ರೇಕು ಅಂಟಿಸುವ ಓನೊರೀನ್ ಓಡಿಬಂದಳು. ಹಿಂದೆಯೇ ವಾರ್ನಿಷ್ ಹಚ್ಚುವ ಫ್ಯುಲ್ಜಾನ್ಸ್, ಕೈಯಲ್ಲಿ ವೈನಿನ ಲೋಟ. ಅವತ್ತು ಬಡಗಿಗಳನ್ನು ಕಾಯುವ ಸಂತ ಆನ್ನಳ ಹಬ್ಬ. ಗಾಜು ಬಾಗಿಸುವವನೂ ಸೇರಿದಂತೆ ಬೀದಿಗೆ ಬೀದಿಯೇ ಬೆಳಿಗ್ಗೆಯಿಂದ ಕುಡಿಯುತ್ತ ಕೂತಿತ್ತು.

"ಇನ್ನೊಂದು ಗಾಜು ಒಡೆದ್ರೆ ಏಪ್ರನ್ ಬಿಚ್ಚಿಟ್ಟು ಹೋಗು ಅಂದಿದಾರೆ ಯಜಮಾನ್ರು," ಎಂದ ಆನ್ಸೆಲ್ಮ್. ಅಳುವುದೊಂದು ಬಾಕಿ. "ಮದಾಂ ಲೋರ್ಮಿಯೆ ತಮ್ಮ ಬೀರು ನೋಡೋಕೆ ಈಗ್ಲೇ ಬರ್ತಾರೆ."

"ಬರ್ಲಿ ಬಿಡೋ," ಅಂದ ಫ್ಯುಲ್ಜಾನ್ಸ್. "ಚೌಕಟ್ಟು ಖಾಲಿ ಇರ್ಲಿ. ವಾರ್ನಿಷ್ ಹಸಿ ಇದೆ, ಮುಟ್ಟಬೇಡಿ ಅಂತ ನಾನು ಹೇಳ್ತೀನಿ. ಒಳ್ಳೇ ಗಾಜು ಕಾಣೋದಿಲ್ಲ ಕಣೋ!"

"ನಿನ್ನ ಮಾತು ಕೇಳಿ ಯಾರು ಉದ್ಧಾರ ಆಗಿದಾರೆ?" ಎಂದು ಬೈಯುತ್ತಲೇ ಓನೊರೀನ್ ಚೂರುಗಳನ್ನೆಲ್ಲ ಮರದ ಹೊಟ್ಟಿನೊಳಗೆ ಗುಡಿಸಿದಳು.

ಯಜಮಾನರ ಜೊತೆ ಮದಾಂ ಬಂದೇ ಬಿಟ್ಟರು. "ವಾರ್ನಿಷ್ ಹಸಿ ಇದೆ, ಮುಟ್ಟಬೇಡಿ," ಅಂದ ಫ್ಯುಲ್ಜಾನ್ಸ್. ಅವರು ತಂದಿದ್ದ ಪಿಂಗಾಣಿ ಗೊಂಬೆಯನ್ನು ಆನ್ಸೆಲ್ಮ್ ಬೀರುವಿನೊಳಗಿಟ್ಟು ಗಂಭೀರವಾಗಿ ಬೀಗ ಹಾಕಿದ. ಒಂದು ನೊಣ ನೆಟ್ಟಗೆ ಹಾರಿಹೋಗಿ ಗೊಂಬೆಯ ಮೂಗಿನ ಮೇಲೆ ಕೂತಿತು.

"ಅಯ್ಯೋ ಪಾಪ, ಒಳಗೆ ಸಿಕ್ಕಿಹಾಕ್ಕೊಂಡಿದೆ!" ಅಂದರು ಮದಾಂ. ಆನ್ಸೆಲ್ಮ್ ಬೀಗ ತೆಗೆದು ನೊಣವನ್ನು ಮರ್ಯಾದೆಯಿಂದ ಹೊರಗೆ ಕಳಿಸಿ ಮತ್ತೆ ಬೀಗ ಹಾಕಿದ.

ತಂಗಾಳಿ ಬೀಸಿತು. ಗೊಂಬೆಯ ಕೊರಳಿನ ರೇಷ್ಮೆ ಪಟ್ಟಿ ಮೆಲ್ಲಗೆ ಅಲುಗಿತು. ಮದಾಂ ಕಣ್ಣು ಅರ್ಧ ಮುಚ್ಚಿದರು. "ಎಂಥಾ ಗಾಜು! ಗೊಂಬೆ ಉಸಿರಾಡ್ತಿದಾಳೆ ನೋಡಿ."

ಒಂದು ಗಳಿಗೆ, ಇಂಥ ಗಾಜು ನಿಜವಾಗಿಯೂ ಇದೆಯೆಂದು ಆನ್ಸೆಲ್ಮನಿಗೇ ಅನ್ನಿಸಿಬಿಟ್ಟಿತು. ಎಷ್ಟು ಸುಖವಾಗಿತ್ತು ಆ ಗಳಿಗೆ!

"ಆದ್ರೆ ಇದರ ಮುಂದೆ ಪಕ್ಕದ ಎರಡು ಗಾಜೂ ಮಂಕು," ಅಂದರು ಮದಾಂ. "ಅಲ್ಲೂ ಇಂಥದ್ದೇ ಬೇಕು."

ಯಜಮಾನರು ಎದೆ ಉಬ್ಬಿಸಿದರು. "ಅದಕ್ಕೇನಂತೆ! ನಿಮ್ಮೆದುರೇ ಹಾಕಿಸ್ತೀನಿ. ಆನ್ಸೆಲ್ಮ್, ಒಳಗಿಂದ ಅಂಥದ್ದೇ ಒಂದು ಜೊತೆ ತಗೊಂಡ್ ಬಾರಪ್ಪ."

ಆನ್ಸೆಲ್ಮ್ ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಎರಡೂ ಕೈ ಅಗಲಿಸಿಕೊಂಡು, ಗಾಳಿಯನ್ನು ಹೊತ್ತು, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ಬಂದ. ಮದಾಂ ಗೌರವದಿಂದ ದಾರಿ ಬಿಟ್ಟರು. ಫ್ಯುಲ್ಜಾನ್ಸ್ "ಜೋಪಾನ, ಜೋಪಾನ!" ಎಂದು ಸಹಾಯಕ್ಕೆ ಮುನ್ನುಗ್ಗಿ ಅವನ ಕಾಲಿಗೇ ಅಡ್ಡವಾದ. ಆನ್ಸೆಲ್ಮ್ ಮುಗ್ಗರಿಸಿದ, ಎರಡೂ ಕೈ ನೆಲಕ್ಕೆ ಬಡಿದವು.

"ಸದ್ದೇ ಆಗಲಿಲ್ಲ!" ಮದಾಂ ನಿಟ್ಟುಸಿರಿಟ್ಟರು. "ಎಂಥಾ ನಾಜೂಕು ಗಾಜು ಹೋಯ್ತಲ್ಲ!"

ಯಜಮಾನರ ಮುಖ ಕೆಂಪಾಯಿತು.

"ಏಪ್ರನ್ ಬಿಚ್ಚೋ," ಅಂದರು.