ಮಧ್ಯಾಹ್ನಕ್ಕೆ ಹೊಟ್ಟೆ ಬರುವ ಗೋಡೆ

ಹೆಂಡತಿಯ ತವರಿನಿಂದ ಬರುವುದರಲ್ಲಿ ಎರಡು ಬಗೆ: ಬಂದು ಹೋಗುವಂಥದ್ದು, ಬಂದು ಕೂರುವಂಥದ್ದು. ಬಿಸಿಲುಪರದೆ ಅಂಗಡಿಯ ಯಜಮಾನರ ಮಟ್ಟಿಗೆ ಭಾವಮೈದುನ ಮೊದಲನೆಯ ಬಗೆ, ಬೀರು ಎರಡನೆಯದು. ಅದು ಕೂತದ್ದಾದರೂ ಎಲ್ಲಿ? ನಡುಮನೆಯಲ್ಲಿ, ಏಸಿಯ ಗಾಳಿ ನೇರವಾಗಿ ಬೀಸುವ ಜಾಗದಲ್ಲಿ! ಊಟ ಮುಗಿಸಿ ಮಲಗುವ ಯಜಮಾನರು ಒರಗುಕುರ್ಚಿಯನ್ನು ಮೂಲೆಗೆ ಎಳೆದುಕೊಂಡು ಬೆವರಬೇಕು. ಬೀರುವಿನೊಳಗಿನ ಹೊದಿಕೆಗಳು ತಂಪಾಗಿ ನಿದ್ದೆ ಹೊಡೆಯಬೇಕು. (ಆ ಮೂಲೆಗೂ ತಂಪು ಮುಟ್ಟಲೆಂದು ಅವರು ಏಸಿಯನ್ನು ಹಿಮಾಲಯದ ಮಟ್ಟಕ್ಕೆ ತಿರುಗಿಸಿಡುತ್ತಿದ್ದರೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.)

ಹೀಗಿರುವಾಗ ಒಂದು ಮಧ್ಯಾಹ್ನ, ಬೀರುವಿನ ಹಿಂದೆ ಬಿದ್ದ ಕನ್ನಡಕ ಹುಡುಕಲು ಬಗ್ಗಿದವರಿಗೆ ದಿವ್ಯದರ್ಶನವಾಯಿತು. ಗೋಡೆ ಹೊರಕ್ಕೆ ಬಾಗಿತ್ತು!

ಎರಡಾಳೆತ್ತರದ ಕಾಂಕ್ರೀಟ್ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ಮೇಲೂ ಕೆಳಗೂ ಬಿಗಿದು ಕಟ್ಟಿದ ಮನೆ ಅದು. ಯಜಮಾನರು ಏಣಿ ಹತ್ತಿ, ಪರದೆಯ ದಾರವನ್ನು ಹಲಗೆಯ ನೆತ್ತಿಯಿಂದ ಬುಡಕ್ಕೆ ಬಿಗಿಯಾಗಿ ಎಳೆದು ಕಟ್ಟಿದರು. ನಡುವೆ, ದಾರಕ್ಕೂ ಗೋಡೆಗೂ ಮಧ್ಯೆ, ಚಮಚದ ಹಿಡಿ ಸಲೀಸಾಗಿ ತೂರಿತು.

ಸಂಜೆ ಹೊರಗಿನಿಂದ ಬಂದ ಹೆಂಡತಿಗೆ ತೀರ್ಪು ಕಾದಿತ್ತು.

"ನೋಡೇ, ನಿನ್ನ ಬೀರುವಿನ ಭಾರಕ್ಕೆ ಗೋಡೆಗೆ ಹೊಟ್ಟೆ ಬಂದಿದೆ. ಅದನ್ನ ನಿನ್ನ ಅಕ್ಕನ ಮನೆಗೆ ಕಳಿಸಿಬಿಡೋಣ. ಇದರ ಜೋಡಿ ಬೀರು ಅಲ್ಲೇ ಇದೆಯಲ್ಲ. ಪಾಪ, ಜೋಡೀನ ಅಗಲಿಸಬಾರದು ಕಣೇ," ಎಂದರು, ಗಂಟಲು ಗದ್ಗದವಾಗಿ.

"ಬೀರು ನೆಲದ ಮೇಲೆ ನಿಂತಿದೆ ಕಣ್ರೀ, ಗೋಡೆ ಮೇಲಲ್ಲ. ಹೊಟ್ಟೆ ಬಂದಿದ್ದರೆ ದಿನಾ ನಿಮ್ಮನ್ನ ನೋಡಿ ಕಲಿತಿರಬೇಕು. ನನ್ನ ತಮ್ಮ ಬರಲಿ. ಬೀರುವಿನದೇ ತಪ್ಪು ಅಂದರೆ ಕಳಿಸ್ತೀನಿ. ಅಲ್ಲ ಅಂದರೆ ನಿಮ್ಮ ಕುರ್ಚಿ ಈ ಕೋಣೆಯಿಂದ ಆಚೆ!"

"ಆಗಲಿ!" ಎಂದರು ಯಜಮಾನರು. ಗೆಲ್ಲುವ ಬಾಜಿಗೆ ಹಿಂಜರಿಯುವ ವ್ಯಾಪಾರಿ ಎಲ್ಲಾದರೂ ಉಂಟೇ?

ಇಂಥ ಹಲಗೆಗಳನ್ನು ನಿಲ್ಲಿಸುವುದೇ ಕಸುಬಾದ ಭಾವಮೈದುನ ಮರುದಿನ ಬೆಳಗಿನ ತಂಪಿನಲ್ಲೇ ಬಂದಿಳಿದ. ದಾರ ಕಟ್ಟಿದ. ಅದು ಗೋಡೆಗೆ ಅಂಟಿಕೊಂಡು ಕೂತಿತು. ಚಮಚ ಹೋಗಲಿ, ಕಾಗದವೂ ತೂರಲಿಲ್ಲ.

"ಭಾವ, ಗೋಡೆ ನೆಟ್ಟಗಿದೆಯಲ್ಲ!"

"ನಿನ್ನೆ ಬಾಗಿತ್ತಪ್ಪಾ! ನನ್ನ ಕಣ್ಣಾಣೆ!"

"ಕನ್ನಡಕ ಬೀರುವಿನ ಹಿಂದೆ ಬಿದ್ದಿತ್ತಂತಲ್ಲ, ಆ ಕಣ್ಣಾ?" ಎಂದಳು ಹೆಂಡತಿ.

ಸೋಲೊಪ್ಪಿಕೊಂಡು ಎದ್ದಿದ್ದರೆ ಮಾನವಾದರೂ ಉಳಿಯುತ್ತಿತ್ತೇನೋ. ಆದರೆ ಯಜಮಾನರು ಭಾವಮೈದುನನ ಭುಜ ಹಿಡಿದು ಕೂರಿಸಿ, ಮದುವೆಯಾದ ಮೇಲೆ ಮೊದಲ ಸಲ, "ಊಟ ಮಾಡಿಕೊಂಡೇ ಹೋಗಬೇಕು" ಎಂದು ಒತ್ತಾಯ ಮಾಡಿದರು. ಎಂದಿನಂತೆ ಏಸಿಯನ್ನೂ ತಿರುಗಿಸಿದರು. ಊಟ ಮುಗಿದು ಕೈತೊಳೆಯುವ ಹೊತ್ತಿಗೆ ದಾರದ ಹಿಂದೆ ಚಮಚ ತೂರಿತು.

"ಈಗೇನಂತೀಯಾ?" ಯಜಮಾನರು ಚಮಚವನ್ನು ಖಡ್ಗದಂತೆ ಎತ್ತಿ ಹಿಡಿದರು. ಹೆಂಡತಿಯ ಮುಖ ಸಪ್ಪಗಾಯಿತು. ತವರಿನ ಬೀರುವಿನ ಬಾಗಿಲ ಮೇಲೆ ಅವಳು ಸುಮ್ಮನೆ ಕೈ ಇಟ್ಟಳು. ಅದನ್ನು ಕಂಡು ಯಜಮಾನರಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಒಂದೇ ಗಳಿಗೆ.

ಭಾವಮೈದುನ ತಲೆ ಕೆರೆದುಕೊಂಡ. ಬೀರುವನ್ನು ಕೋಣೆಯ ನಡುವಿಗೆ ತಳ್ಳಿಸಿ, ಮತ್ತೆ ಚಮಚ ಇಟ್ಟು ನೋಡಿದ. ಬೀರುವಿಲ್ಲದಿದ್ದರೂ ಸಂದು ಹಾಗೇ ಇತ್ತು. ಹೊರಗೆ ಹೋಗಿ ಅದೇ ಗೋಡೆ ಮುಟ್ಟಿದವನು "ಹಾ!" ಎಂದು ಕೈ ಒದರಿದ. ಒಳಗೆ ಬಂದು ಮುಟ್ಟಿದರೆ ಮಂಜಿನಂತೆ ಕೊರೆಯಿತು.

"ಬೀರು ನಿರಪರಾಧಿ ಭಾವ. ಆಚೆ ಬಿಸಿಲಿಗೆ ಹೊರಮೈ ಹಿಗ್ಗುತ್ತೆ, ಈಚೆ ನಿಮ್ಮ ಏಸಿಗೆ ಒಳಮೈ ಮುದುಡುತ್ತೆ. ಹಲಗೆ ಮತ್ತೇನು ಮಾಡಬೇಕು? ಬಿಸಿ ಕಡೆಗೆ ಬಾಗುತ್ತೆ. ರಾತ್ರಿ ಆರಿದ ಮೇಲೆ ಸರಿಹೋಗುತ್ತೆ. ದಿನಾ ಹೀಗೆ ಆಡಿ ಆಡಿ ಹಲಗೆಗಳ ಸಂದಿನ ಅಂಟು ಬಾಯ್ಬಿಟ್ಟಿದೆ. ಅದನ್ನ ಕಿತ್ತು ಹೊಸದು ತುಂಬ್ತೀನಿ, ನಡುವಿಗೊಂದು ಉಕ್ಕಿನ ಪಟ್ಟಿ ಹಾಕಿ ಮನೆಯ ಕಂಬಕ್ಕೆ ಬಿಗೀತೀನಿ. ಮಧ್ಯಾಹ್ನದ ಹೊತ್ತು ಏಸಿ ಬಂದ್. ಎಲ್ಲಕ್ಕಿಂತ ಮೊದಲು ಆಚೆ ಕಡೆ ಒಳ್ಳೆ ನೆರಳು ಬೇಕು. ಬಿಸಿಲುಪರದೆ ಮಾರೋರು ಯಾರಾದರೂ ಗೊತ್ತಾ?"

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಬೀದಿಗೆಲ್ಲ ನೆರಳು ಮಾರ್ತಾರೆ, ಸ್ವಂತ ಗೋಡೆಗೆ ಒಂದು ತುಂಡು ಬಟ್ಟೆ ಇಲ್ಲ!"

ವಾರ ಕಳೆಯುವುದರಲ್ಲಿ ಗೋಡೆಯ ದುರಸ್ತಿ ಮುಗಿಯಿತು. ಅಂಗಡಿಯ ಅತ್ಯುತ್ತಮ ಪಟ್ಟೆಪರದೆ ಹೊರಗೋಡೆಯ ಮೇಲೆ ಚಾಚಿ ನಿಂತಿತು. ಮಾತಿನಂತೆ ಒರಗುಕುರ್ಚಿ ಅದರಡಿಗೆ ಗಡಿಪಾರಾಯಿತು. ಬೀದಿಯಲ್ಲಿ ಹೋಗುವ ಗಿರಾಕಿಗಳು ಪರದೆಯನ್ನೂ ಅದರ ಕೆಳಗೆ ಗೊರಕೆ ಹೊಡೆಯುವ ಮಾಲೀಕರನ್ನೂ ನಿಂತು ನೋಡತೊಡಗಿದರು.

"ನೆರಳು ತಂಪಾಗಿರುತ್ತಾ ಅಮ್ಮಾ?" ಎಂದು ಒಬ್ಬರು ಕೇಳಿದರು.

"ಕಾಣ್ತಿಲ್ವಾ? ನಮ್ಮನೆಯವರು ಎಬ್ಬಿಸಿದರೂ ಒಳಗೆ ಬರಲ್ಲ!" ಕಿಟಕಿಯಿಂದ ಹೆಂಡತಿ ವ್ಯಾಪಾರ ಕುದುರಿಸಿದಳು.

ಒಂದು ಮಧ್ಯಾಹ್ನ ಏನನ್ನೋ ಎಳೆಯುವ ಸದ್ದಿಗೆ ಎಚ್ಚರಾದ ಯಜಮಾನರು ಒಳಗೆ ಇಣುಕಿದರು. ಹಳೆಯ ಬೀರು ತನ್ನ ಸ್ವಸ್ಥಾನದಲ್ಲಿತ್ತು. ಒರಗುಕುರ್ಚಿ ಇದ್ದ ಮೂಲೆಯಲ್ಲಿ ಬೀರುವಿನ ತದ್ರೂಪು ಇನ್ನೊಂದು ನಿಂತಿತ್ತು! ಭಾವಮೈದುನ ಬೆವರು ಒರೆಸಿಕೊಳ್ಳುತ್ತಿದ್ದ.

"ಇದ್ಯಾಕೆ ಬಂತೇ?"

"ಅಕ್ಕನ ಮನೆಯಿಂದ ತರಿಸಿದೆ," ಎಂದಳು ಹೆಂಡತಿ, ಗಂಟಲನ್ನು ಅವರಂತೆಯೇ ಗದ್ಗದವಾಗಿಸಿ. "ಪಾಪ, ಜೋಡೀನ ಅಗಲಿಸಬಾರದು ಅಂದವರು ನೀವೇ ಅಲ್ವೇನ್ರೀ?"