ಇನ್ನೊಂದ್ಸಲನ ಕೊನೆಯ ಸಲ

ಚೆನ್ನಾಗಿರುವುದನ್ನು ಯಾರಾದರೂ ಕೆಡಿಸಿಕೊಡಬೇಕಿತ್ತು. ಎಲ್ಲಕ್ಕೂ ಮೂಲ ಅದೇ.

ಲೋಕದಲ್ಲಿ ಕೆಡಿಸುವವರಿಗೆ ಬರವಿಲ್ಲ ಎನ್ನುತ್ತಾರೆ. ಆದರೆ ಬೇಕು ಅಂದ ದಿನ ಒಬ್ಬರೂ ಸಿಗುವುದಿಲ್ಲ. ಬೆಳಗ್ಗೆ ಎದ್ದವನೇ ಅವನು ಅಡುಗೆಮನೆಗೆ ಹೋದ. ಅಲ್ಲಿ ಒಲೆಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕ ಕೂತಿದ್ದಳು.

"ಅಕ್ಕಾ, ನನ್ನ ನೆಟ್‌ವರ್ಕನ್ನ ಒಂಚೂರು ಕೆಡಿಸಿಕೊಡ್ತೀಯಾ?"

ಅಕ್ಕ ಹಲ್ಲಲ್ಲಿ ಕಚ್ಚಿದ್ದ ದಾರ ಬಿಟ್ಟಳು. "ಜ್ವರ ಏನಾದ್ರೂ ಬಂದಿದೆಯೇನೋ?"

ಜ್ವರವಲ್ಲ, ಪರೀಕ್ಷೆ. ಅವನು ಒಂದು ದೊಡ್ಡ ಕಚೇರಿಯಲ್ಲಿ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಹಾಗೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಆ ಕಸುಬಿನಲ್ಲಿ ಎಲ್ಲಕ್ಕಿಂತ ಮೇಲಿನದೊಂದು ಪರೀಕ್ಷೆ ಇದೆ. ಇಡೀ ದಿನ ಕೂಡಿಸಿ, ಯಾರೋ ಬೇಕೆಂದೇ ಕೆಡಿಸಿಟ್ಟ ನೆಟ್‌ವರ್ಕನ್ನು ಮುಂದಿಟ್ಟು, ಹುಡುಕಿ ಸರಿಮಾಡು ಎನ್ನುತ್ತಾರೆ. ಅವನು ಮೂರು ಸಲ ಕೂತು ಮೂರು ಸಲವೂ ಫೇಲಾಗಿದ್ದ. ಪ್ರತಿ ಸಲವೂ ಹೊರಗೆ ಬಂದು ಕೇಳಿದವರಿಗೆಲ್ಲ "ಇನ್ನೊಂದ್ಸಲ" ಎಂದಿದ್ದ. ಅದೇ ಅವನ ಹೆಸರಾಯಿತು. ಕಚೇರಿಯಲ್ಲಿ ಹುಟ್ಟಿದ ಹೆಸರು ಬಸ್ಸು ಹತ್ತಿ ಮನೆಯ ತನಕ ಬಂತು. ಈಗ ಕಟ್ಟಡದ ಕಾವಲುಗಾರ ಕೂಡ, "ಇನ್ನೊಂದ್ಸಲ ಅವರು ಮೇಲಿದಾರೆ, ಹೋಗಿ" ಎನ್ನುತ್ತಿದ್ದ.

ಇದಕ್ಕಿಂತ ಸುಡುವ ಸಂಗತಿ ಒಂದಿತ್ತು. ಅವನೇ ಕೈಹಿಡಿದು ವೈರು ಜೋಡಿಸುವುದನ್ನು ಕಲಿಸಿದ ಕಿರಿಯನೊಬ್ಬ ಮೊದಲ ಪ್ರಯತ್ನದಲ್ಲೇ ಪಾಸಾಗಿ, ಗಾಜಿನ ಕೋಣೆಯಲ್ಲಿ ಇವನ ಮೇಲಧಿಕಾರಿಯಾಗಿ ಕೂತಿದ್ದ. ಅವನಿಗೆ ಒಂದೇಸಲ ಎಂಬ ಹೆಸರು. ಒಳ್ಳೆಯ ಹುಡುಗ. ಇವತ್ತಿಗೂ ಇವನನ್ನು "ಸರ್" ಎಂದೇ ಕರೆಯುತ್ತಿದ್ದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾಲ್ಕನೆಯ ಪರೀಕ್ಷೆ ನಾಳೆ. ನಾಲ್ಕನೆಯದೇ ಕೊನೆಯದು ಎಂದು ಭಾವ ತೀರ್ಪು ಕೊಟ್ಟಿದ್ದರು. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಮೆ, ಆಡಿದ ಮಾತು ಬೋಲ್ಟಿನ ಹಾಗೆ ಬಿಗಿ. ಮನೆಯಲ್ಲಿದ್ದ ಒಂದೇ ಒಂದು ಹೆಚ್ಚುವರಿ ಕೋಣೆಯಲ್ಲಿ ಮೊದಲು ಅಕ್ಕನ ಹೊಲಿಗೆ ಯಂತ್ರವಿತ್ತು. ಅಲ್ಲೀಗ ಕಬ್ಬಿಣದ ಚೌಕಟ್ಟೊಂದರಲ್ಲಿ ಇನ್ನೊಂದ್ಸಲ ಅಭ್ಯಾಸಕ್ಕೆಂದು ತಂದ ಹಳೆಯ ಯಂತ್ರಗಳು ಒಂದರ ಮೇಲೊಂದು ಕೂತಿದ್ದವು. ಅವುಗಳ ಫ್ಯಾನುಗಳ ಸದ್ದು, ಏರಲೂ ಆಗದೆ ಇಳಿಯಲೂ ಆಗದೆ ಒದ್ದಾಡುವ ವಿಮಾನದ ಸದ್ದು. ಅಡುಗೆಮನೆಗೆ ಗಡಿಪಾರಾದ ಅಕ್ಕ ಹೊಲಿದ ಬಟ್ಟೆಗಳೆಲ್ಲ ಎಣ್ಣೆಹೊಗೆಯ ವಾಸನೆ ಹೊಡೆಯುತ್ತಿದ್ದವು. ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಅಕ್ಕ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ.

ಭಾವ ಬಿಚ್ಚಿದ್ದರು. "ಈ ಸಲ ಆಗ್ಲಿಲ್ಲ ಅಂದ್ರೆ ಆ ಕಬ್ಬಿಣ ಎಲ್ಲ ಗುಜರಿಗೆ. ಕೋಣೆ ನಿಮ್ಮಕ್ಕನಿಗೆ. ಮುಗೀತು."

"ಕೆಡಿಸೋದು ಅಂದ್ರೆ ಹೇಗೋ? ನನಗೇನು ಗೊತ್ತಾಗುತ್ತೆ?" ಎಂದಳು ಅಕ್ಕ.

"ಅದಕ್ಕೇ ನೀನೇ ಬೇಕು. ನಾನೇ ಬಚ್ಚಿಟ್ಟು ನಾನೇ ಹುಡುಕಿದ್ರೆ ಅದು ಅಭ್ಯಾಸ ಆಗುತ್ತಾ? ಕಂಪ್ಯೂಟರಿನಲ್ಲಿ ಹತ್ತು ಚೌಕ ಕಾಣ್ಸುತ್ತೆ. ಒಂದೇಸಲ ಕಳಿಸಿದ್ದಾನೆ. ಒಂದೊಂದರಲ್ಲೂ ಒಂದೊಂದು ಕೇಡು. ಯಾವುದಾದ್ರೂ ಒಂದನ್ನ ಒತ್ತು, ಅಷ್ಟೆ. ಯಾವುದು ಅಂತ ಸಂಜೆವರೆಗೂ ಬಾಯಿ ಬಿಡಬಾರದು. ನಾನು ಅತ್ತರೂ ಬಿಡಬೇಡ, ಕಾಲು ಹಿಡಿದರೂ ಬಿಡಬೇಡ. ಪರೀಕ್ಷೇಲಿ ಯಾರು ಹೇಳ್ತಾರೆ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೋಣೆಗೆ ಹೋದಳು. ಇನ್ನೊಂದ್ಸಲ ಹೊರಗಿನ ಮೆಟ್ಟಿಲ ಮೇಲೆ ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ ಗೋಡೆಗೆ ಮುಖಮಾಡಿ ನಿಂತ. ಹುಮ್ಮಸ್ಸು ಎಷ್ಟಿತ್ತೆಂದರೆ, ಎಲ್ಲ ಸರಿಯಾಗಿದ್ದಾಗ ಉಳಿಸಿಕೊಂಡಿದ್ದ, ಯಂತ್ರಗಳಿಗೆ ಬರೆದ ಆಜ್ಞೆಗಳ ಪ್ರತಿಗಳನ್ನು, ಹೋಲಿಸಿ ನೋಡುವ ಆಸೆ ಹುಟ್ಟೀತೆಂದು, ಆಗಲೇ ಅಳಿಸಿಹಾಕಿ ಬಂದಿದ್ದ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಇವನು ಇರುವೆಯ ಗೂಡನ್ನೇ ಹೊತ್ತು ತಂದಿದ್ದ.

ಅಕ್ಕ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವಳು ಅವನ ಮುಖ ನೋಡಲಿಲ್ಲ.

"ಹೋಗು, ಕೂತ್ಕೋ" ಎಂದಳು, ಅಷ್ಟೆ.

ಅವನು ಕೂತ. ಮೊದಲ ಕೆಲಸ, ಒಂದು ಯಂತ್ರದಿಂದ ಇನ್ನೊಂದನ್ನು ಕೂಗಿ "ಇದ್ದೀಯಾ?" ಎಂದು ಕೇಳುವುದು. ಕೇಳಿದ. "ಇದ್ದೀನಿ" ಎಂದಿತು. ಅದರಾಚೆಯದನ್ನು ಕೇಳಿದ. ಅದೂ ಇತ್ತು. ಮೂಲೆಯಲ್ಲಿದ್ದ, ಯಾವತ್ತೂ ಕರೆದರೆ ಎರಡು ಸಲ ಯೋಚಿಸುವ ಮುದಿ ಯಂತ್ರ ಕೂಡ ಇವತ್ತು ಥಟ್ಟನೆ ಓಗೊಟ್ಟಿತು. ಎಲ್ಲ ದೀಪಗಳೂ ಹಸಿರು.

ಎಲ್ಲೂ ಕಾಣದ ಕೇಡು ಅಂದರೆ ಸಣ್ಣ ಕೇಡಲ್ಲ. ಹತ್ತರಲ್ಲಿ ಅತ್ಯಂತ ಕೆಟ್ಟದ್ದನ್ನೇ ಅಕ್ಕ ಒತ್ತಿದ್ದಾಳೆ!

ಅಷ್ಟರಲ್ಲಿ ಒಂದೇಸಲನ ಫೋನು. "ಸರ್, ಅಭ್ಯಾಸ ಹೇಗೆ ನಡೀತಿದೆ?"

"ಏನಪ್ಪಾ ಕಳಿಸಿದ್ದೀಯ? ಕೇಡು ಎಲ್ಲಿದೆ ಅಂತಲೇ ಕಾಣ್ತಿಲ್ಲ."

"ಸರ್, ಒಂದು ಮಾತು. ತಪ್ಪು ತಿಳ್ಕೋಬೇಡಿ. ಕೈ ಹಾಕೋಕೆ ಮುಂಚೆ ಕೆಟ್ಟಿದೆಯಾ ಅಂತ ಖಚಿತ ಮಾಡ್ಕೊಳ್ಳಿ. ಕೆಟ್ಟಿಲ್ಲದ್ದನ್ನ ರಿಪೇರಿ ಮಾಡೋಕೆ ಹೋದ್ರೆ..."

"ಕೆಟ್ಟಿದೆ ಕಣಯ್ಯಾ! ನಮ್ಮಕ್ಕ ಕೈಯಾರೆ ಕೆಡಿಸಿದ್ದಾಳೆ. ಇದಕ್ಕಿಂತ ಖಚಿತ ಬೇಕಾ?" ಎಂದು ಫೋನಿಟ್ಟ.

ಅಕ್ಕ ಟೀ ತಂದಳು. ಲೋಟ ಇಟ್ಟವಳು ಹೋಗಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಲೋ, ಒಂದು ಮಾತು ಹೇಳ್ಲಾ..."

"ಹೇಳಬೇಡ!" ಅವನು ಎರಡೂ ಕಿವಿ ಮುಚ್ಚಿಕೊಂಡ. "ಸಂಜೆವರೆಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀಯ!"

ಅಕ್ಕ ಅಡುಗೆಮನೆಗೆ ಹೋದಳು.

ಸಾಲು ಸಾಲು ಆಜ್ಞೆಗಳನ್ನು ಅವನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದಿದ. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಒಂದು ಸಾಲು ಕಣ್ಣಿಗೆ ಬಿತ್ತು. ಇದನ್ನು ತಾನು ಬರೆದಿದ್ದೆನೇ? ನೆನಪಿಲ್ಲ. ನೆನಪಿಲ್ಲ ಅಂದ ಮೇಲೆ ಇದೇ ಕೇಡು. ಅಳಿಸಿದ. ತಕ್ಷಣ ಎರಡು ಯಂತ್ರಗಳು ಒಂದಕ್ಕೊಂದು ಮಾತು ಬಿಟ್ಟವು.

"ಸಿಕ್ತು ಜಾಡು!" ಎಂದು ಕೂಗಿದ. ಅಡಗಿದ್ದ ಕೇಡು ಈಗ ಹೊರಗೆ ಬರುತ್ತಿದೆ ಎಂದುಕೊಂಡ. ಆ ಜಾಡು ಹಿಡಿದು ಇನ್ನೊಂದು ಸಾಲು ತಿದ್ದಿದ. ಮತ್ತೆರಡು ಮೂಕವಾದವು. ಊಟದ ಹೊತ್ತಿಗೆ ಅರ್ಧ ಚೌಕಟ್ಟು ಉಳಿದರ್ಧದ ಮೇಲೆ ಮುನಿಸಿಕೊಂಡು ಕೂತಿತ್ತು, ಆಸ್ತಿ ಪಾಲಾದ ದಿನ ಅಣ್ಣತಮ್ಮಂದಿರು ಕೂತ ಹಾಗೆ.

ಆಗ ಬಂದರು ಕೆಳಮನೆಯ ಹೆಡ್ ಮಿಸ್. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅವರು ಬಾಗಿಲಲ್ಲಿ ನಿಂತರೆ ಇವನಿಗೆ ಎದ್ದು ನಿಲ್ಲಬೇಕೆನಿಸುತ್ತಿತ್ತು. ಫ್ಯಾನಿನ ಸದ್ದಿಗೆ ದಿನಾ ಜಗಳಕ್ಕೆ ಬರುತ್ತಿದ್ದವರು, ಇವತ್ತು ಸದ್ದು ಬೇರೆ ಥರ ಕೇಳಿದ್ದಕ್ಕೆ ಬಂದಿದ್ದರು.

"ಏನಾಯ್ತು ಮಗು? ದಿನಾ ಗುಂಯ್ ಅನ್ನುತ್ತಿದ್ದದ್ದು ಇವತ್ತು ನರಳ್ತಿದೆ?"

"ಅಕ್ಕ ಕೆಡಿಸಿದ್ದಾಳೆ ಮಿಸ್."

"ಕೆಡಿಸ್ಲಿ ಬಿಡು, ಪಾಪ. ಅವಳಿಗೂ ಎಷ್ಟಂತ ಸಹನೆ ಇರುತ್ತೆ?" ಎಂದು ಮಂಚದ ಮೇಲೆ ಕೂತು ಚೌಕಟ್ಟಿನ ಬೆನ್ನು ನೋಡಿದರು. ಅಲ್ಲಿ ಕೆಂಪು, ನೀಲಿ, ಹಳದಿ ವೈರುಗಳು ಹೆಣೆದುಕೊಂಡಿದ್ದವು. "ಥೂ! ಇಷ್ಟು ಗಲೀಜು ಬರವಣಿಗೆಗೆ ನಾನು ಮಾರ್ಕೇ ಕೊಡ್ತಿರಲಿಲ್ಲ. ಮೊದಲು ಅಚ್ಚುಕಟ್ಟು ಬೇಕಪ್ಪ."

ಇನ್ನೊಂದ್ಸಲನ ಮೂಗು ಪರದೆಗೆ ಅಂಟಿತ್ತು. ಅವನು ತಿರುಗಿ ನೋಡುವಷ್ಟರಲ್ಲಿ ಹೆಡ್ ಮಿಸ್ ವೈರುಗಳನ್ನೆಲ್ಲ ಕಿತ್ತು ಬಣ್ಣದ ಪ್ರಕಾರ ಮತ್ತೆ ಸಿಕ್ಕಿಸಿದ್ದರು. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲು. "ನೋಡು, ಈಗ ಕಣ್ಣಿಗೆ ಎಷ್ಟು ಚೆಂದ!"

ಅವನಿಗೆ ಅಳು ಬಂತು. ಮಿಸ್ ಮುಂದೆ ಅಳುವಂತಿಲ್ಲ, ಶಾಲೆಯಲ್ಲೇ ಅಭ್ಯಾಸವಾಗಿತ್ತು. ನುಂಗಿಕೊಂಡ.

ಡಿಪೋದಿಂದ ಭಾವ ಬಂದರು. ಹಿಂದೆಯೇ ಎದುರು ರಸ್ತೆಯ ಗುಜರಿಯವನೂ ಬಂದ, ಕೈಯಲ್ಲಿ ತೂಕದ ಕೊಕ್ಕೆ ಹಿಡಿದುಕೊಂಡು.

"ಇವನ್ಯಾಕೆ ಬಂದ ಭಾವ? ಪರೀಕ್ಷೆ ನಾಳೆ!"

"ಸುಮ್ನೆ ನೋಡ್ಕೊಂಡು ಹೋಗೋಕೆ" ಎಂದರು ಭಾವ.

"ಹೂಂ ಸ್ವಾಮಿ, ನೋಡೋಕೆ. ನನಗೇನು ಅವಸರ ಇಲ್ಲ" ಎಂದ ಗುಜರಿಯವನು ಮುದಿ ಯಂತ್ರವನ್ನು ಬೆರಳಿಂದ ತಟ್ಟಿ ನೋಡುತ್ತ. ಮದುವೆಗೆ ಹೆಣ್ಣು ನೋಡಲು ಬಂದವರೂ ಅಷ್ಟು ಆಸೆಯಿಂದ ನೋಡುವುದಿಲ್ಲ.

ಭಾವ ಪರದೆ ನೋಡಿದರು, ಯಂತ್ರ ನೋಡಿದರು, ಭಾಮೈದನ ಮುಖ ನೋಡಿದರು. ಮೂರರಲ್ಲಿ ಮುಖವೇ ಹೆಚ್ಚು ಕೆಟ್ಟಿತ್ತು. ಅವರ ಮನಸ್ಸು ಕರಗಿತು.

"ಎಲ್ಲಿ ಕೆಟ್ಟಿದೆ ಅಂತ ಹೊರಗಿಂದ ನೋಡಿದ್ರೆ ಹೇಗಯ್ಯಾ ಗೊತ್ತಾಗುತ್ತೆ? ಬಿಚ್ಚಬೇಕು. ಇಂಜಿನ್ ಆದ್ರೂ ಅಷ್ಟೆ, ಇದಾದ್ರೂ ಅಷ್ಟೆ."

"ಇದು ಹಾಗಲ್ಲ ಭಾವ..."

"ನಿನ್ನ ಪ್ರಕಾರ ಬೆಳಗಿಂದ ಮಾಡಿದ್ದೀಯಲ್ಲ, ಏನಾಯ್ತು?"

"ಏನಾದ್ರೂ ಮಾಡ್ಕೊಳ್ಳಿ" ಎಂದು ಅವನು ನೆಲದ ಮೇಲೆ ಕುಸಿದ. ಭಾವ ಸ್ಕ್ರೂಡ್ರೈವರ್ ತಂದರು. ಮುಚ್ಚಳಗಳು ತೆರೆದವು. ಒಳಗಿನ ದೂಳನ್ನು ಭಾವ ಉಫ್ ಎಂದು ಊದಿದರು. ಒಳಗಿದ್ದ ಒಂದು ಹಸಿರು ಹಲಗೆಯನ್ನು ಎಳೆದು, ಬಟ್ಟೆಯಿಂದ ಉಜ್ಜಿ, "ಇದು ಎಲ್ಲಿಂದ ಬಂತು?" ಎಂದು ತಮ್ಮನ್ನೇ ಕೇಳಿಕೊಂಡರು. ಹೆಡ್ ಮಿಸ್ ಸ್ಕ್ರೂಗಳನ್ನೆಲ್ಲ ಒಂದೇ ಬಟ್ಟಲಿಗೆ ಹಾಕಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆ ಹಿಡಿದವರು ಅವನೂ ಸೇರಿ ಮೂವರು, ಮೂವರೂ ಅವನ ಹಿತವನ್ನೇ ಬಯಸುವವರು.

ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ, ಸಾಕು ನಿಲ್ಸಿ! ಲೋ, ನಾನು ಹೇಳಿಬಿಡ್ತೀನಿ ಕಣೋ..."

ಅವನು ತಟ್ಟನೆ ಎದ್ದು ನಿಂತ.

"ಈಗ ಯಾಕೆ ಹೇಳ್ತೀಯ? ನನಗೆ ಗೊತ್ತಾಯ್ತು. ಬಿಡಿಸೋಕೇ ಆಗದ ಗಂಟು ಹಾಕಿದ್ದೀಯ. ಬೇಕಂತಲೇ! ನಾನು ಫೇಲಾದ್ರೆ ತಾನೇ ನಿನಗೆ ಕೋಣೆ ಸಿಗೋದು?"

ಭಾವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಹೆಡ್ ಮಿಸ್ ಬಟ್ಟಲು ಕೆಳಗಿಟ್ಟರು. ಅಕ್ಕ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಯಂತ್ರದ ಸದ್ದು ಮಾತ್ರ ಬರಲಿಲ್ಲ.

ಕಿಟಕಿಯ ಬಿಸಿಲು ಕೆಂಪಾಗಿ, ಗೋಡೆ ಹತ್ತಿ, ಹೋಯಿತು. ಕೊನೆಯ ಯಂತ್ರದ ಕೊನೆಯ ಹಸಿರು ದೀಪ ಎರಡು ಸಲ ಮಿಟುಕಿಸಿ ಆರಿತು. ಆ ಕೋಣೆಯಲ್ಲಿ ಎಷ್ಟೋ ಕಾಲದ ಮೇಲೆ ಮೌನ ಕೇಳಿಸಿತು.

"ಆಹಾ" ಎಂದರು ಹೆಡ್ ಮಿಸ್, ಮನಸ್ಸು ತಡೆಯದೆ.

ಇನ್ನೊಂದ್ಸಲ ಅಡುಗೆಮನೆಗೆ ಹೋದ. ತಲೆ ಎತ್ತಲಿಲ್ಲ. "ತಪ್ಪಾಯ್ತು ಅಕ್ಕಾ. ಸಂಜೆ ಆಯ್ತು. ನಾನು ಸೋತೆ. ಈಗಾದ್ರೂ ಹೇಳು, ಯಾವುದು ಒತ್ತಿದೆ?"

"ಬೇಡ ಬಿಡೋ."

"ಹೇಳಕ್ಕಾ. ನಾಳೆ ಅಂಥದೇ ಬಂದ್ರೆ ಅದಾದ್ರೂ ಗೊತ್ತಿರ್ಲಿ."

ಅಕ್ಕ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಮಡಚಿದಳು, ಬಿಚ್ಚಿದಳು. "ಯಾವುದೂ ಒತ್ತಲಿಲ್ಲ ಕಣೋ."

ಹಿಂದೆ ಬಂದು ನಿಂತಿದ್ದ ಭಾವ ಕೆಮ್ಮಿದರು.

"ಕೂತೆ. ಒತ್ತೋಣ ಅಂತಲೇ ಬೆರಳು ಇಟ್ಟೆ. ಎಲ್ಲ ಎಷ್ಟು ಚೆನ್ನಾಗಿ ಮಿಣಿಮಿಣಿ ಅಂತಿದ್ವು. ನೀನು ಅನ್ನ ನೀರು ಬಿಟ್ಟು ಕಟ್ಟಿದ್ದು. ಪರೀಕ್ಷೆ ಹಿಂದಿನ ದಿನ ನನ್ನ ಕೈಯಾರೆ ಹಾಳು ಮಾಡ್ಲಾ? ಮನಸ್ಸು ಬರಲಿಲ್ಲ. ಎಲ್ಲ ಸರಿ ಇದೆ ಅಂತ ನಿನಗೆ ಬೇಗ ಗೊತ್ತಾಗುತ್ತೆ, ಒಂದಿನ ಆದ್ರೂ ಕಣ್ತುಂಬ ನಿದ್ದೆ ಮಾಡ್ತೀಯ ಅಂದ್ಕೊಂಡೆ. ಹೇಳೋಕೆ ಬಂದೆ. ನೀನು ಕಿವಿ ಮುಚ್ಕೊಂಡೆ. ಮತ್ತೆ ಬಂದೆ. ಆಗ..."

ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದವರನ್ನು ನೋಡಿ ಜನ ನಗುತ್ತಾರೆ. ಅವರಿಗೆ ಕಡೇಪಕ್ಷ ಇಲಿಯಾದರೂ ಸಿಕ್ಕಿರುತ್ತದೆ.

ಕೋಣೆಯಿಂದ ಗುಜರಿಯವನ ದನಿ ತೇಲಿಬಂತು. "ಸ್ವಾಮಿ, ಬಿಚ್ಚೋ ಕೆಲಸ ಉಳಿಸಿದ್ರಿ, ಪುಣ್ಯ ಬರ್ಲಿ. ನಾಳೆ ಸಂಜೆ ಗಾಡಿ ತರ್ಲಾ?"

ಇನ್ನೊಂದ್ಸಲ ಬಾಯಿ ತೆರೆದ. ಏನು ಹೇಳಹೊರಟನೋ, ಅಭ್ಯಾಸಬಲದಿಂದ ಅವನ ಹೆಸರೇ ಹೊರಬಂತು. "ಇನ್ನೊಂದ್ಸಲ..."

ಅಕ್ಕನಿಗೆ ಅದು ಬೇಡಿಕೆಯಂತೆ ಕೇಳಿರಬೇಕು. ಕಣ್ಣೊರೆಸಿಕೊಂಡು ಎದ್ದಳು. "ಈಗ ಒತ್ತಲೇನೋ? ಈ ಸಲ ನಿಜವಾಗ್ಲೂ ಒತ್ತೀನಿ."

ಅವನು ಅವಳ ಮುಖ ನೋಡಿದ. ಬೇಡ ಎನ್ನುವ ಶಕ್ತಿಯೂ ಇರಲಿಲ್ಲ. "ಒತ್ತಕ್ಕಾ" ಎಂದ.

ಮುಚ್ಚಳ ತೆರೆದುಕೊಂಡು ಬಿದ್ದಿದ್ದ ಯಂತ್ರಗಳ ನಡುವೆ ಅಕ್ಕ ಹುಷಾರಾಗಿ ಕಾಲಿಟ್ಟು ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಒಂದು ಚೌಕ ಆರಿಸಿಕೊಂಡು, ಕಣ್ಣು ಮುಚ್ಚಿ, ಒತ್ತಿದಳು.

ಏನೂ ಕೆಡಲಿಲ್ಲ. ಕೆಡುವುದಕ್ಕೆ ಏನೂ ಉಳಿದಿರಲಿಲ್ಲ.